ದಿನ ತುಂಬದೆ ಹುಟ್ಟಿದ ಮಗು, ಆಟಿಸಂ ಮತ್ತು ಬುದ್ಧಿಯ ಬೆಳವಣಿಗೆ

ಪ್ರಶ್ನೆ:
ಡಾಕ್ಟರಿಗೆ ನಮಸ್ಕಾರ. ನನ್ನ ಮಗನಿಗೆ ನಾಲ್ಕು ವರ್ಷ. ನನಗೆ ಬಿಪಿ ಏರಿದ್ದರಿಂದ 32ನೇ ವಾರದಲ್ಲೇ ಸಿಸೇರಿಯನ್ ಮಾಡಿದರು. ತೂಕ 1.6 ಕೆ.ಜಿ. ಇತ್ತು, ಹುಟ್ಟಿದ ಕೂಡಲೇ ಅಳಲಿಲ್ಲ, 18 ದಿನ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ) ಇದ್ದ. ಕಳೆದ ತಿಂಗಳು ಆಟಿಸಂ (ಇತರರೊಂದಿಗೆ ಬೆರೆಯಲು, ಸಂವಹಿಸಲು ಕಷ್ಟವಾಗುವ ಬೆಳವಣಿಗೆಯ ತೊಂದರೆ) ಎಂದು ತಿಳಿಸಿದರು. ಮಾತು ಬಂದಿಲ್ಲ, ಬುದ್ಧಿಮಟ್ಟವೂ ಕಡಿಮೆ ಎಂದು ವರದಿಯಲ್ಲಿ ಬರೆದಿದ್ದಾರೆ. ಬಸುರಿಯಾಗಿದ್ದಾಗ ನಾನು ಕೆಲಸಕ್ಕೆ ಹೋಗಿದ್ದರಿಂದಲೇ ಹೀಗಾಯಿತು ಎಂದು ಅತ್ತೆಯವರು ಹೇಳುತ್ತಾರೆ. ಹೆರಿಗೆಯಲ್ಲಿ ಆದದ್ದೇ ಕಾರಣವೇ? ಅವನ ಬುದ್ಧಿ ಇನ್ನು ಬೆಳೆಯುವುದಿಲ್ಲವೇ?

ಉತ್ತರ:
ಅಮ್ಮಾ, ನೀವು ಕೆಲಸಕ್ಕೆ ಹೋದದ್ದರಿಂದ ಮಗುವಿಗೆ ಆಟಿಸಂ ಬಂದಿಲ್ಲ. ತಾಯಿಯ ಮೇಲೆ ತಪ್ಪು ಹೊರಿಸುವ ರೂಢಿ ಒಂದು ಕಾಲಕ್ಕೆ ವೈದ್ಯರಲ್ಲೂ ಇತ್ತೆಂಬುದನ್ನು ನೋವಿನಿಂದಲೇ ಒಪ್ಪಿಕೊಳ್ಳಬೇಕು. 1977ರಲ್ಲಿ ಮನೋವೈದ್ಯರಾದ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೆಲ್ ರಟರ್ ಬ್ರಿಟನ್ನಿನಲ್ಲಿ 21 ಅವಳಿ ಜೋಡಿಗಳನ್ನು ಅಧ್ಯಯನ ಮಾಡಿ, ಆಟಿಸಂನಲ್ಲಿ ಅನುವಂಶೀಯತೆಯ ಪಾತ್ರ ದೊಡ್ಡದೆಂದು ತೋರಿಸಿದರು. ಒಬ್ಬರಿಗಷ್ಟೇ ಆಟಿಸಂ ಇದ್ದ ಜೋಡಿಗಳಲ್ಲಿ ಅನೇಕ ಕಡೆ ಆ ಮಗುವೇ ಮಿದುಳಿಗೆ ಪೆಟ್ಟಾಗಬಹುದಾದ ತೊಂದರೆಯನ್ನು, ಮುಖ್ಯವಾಗಿ ಹೆರಿಗೆಯ ಹೊತ್ತಿನಲ್ಲಿ, ಅನುಭವಿಸಿತ್ತೆಂಬುದೂ ಅದೇ ಅಧ್ಯಯನದಲ್ಲಿ ಕಂಡುಬಂತು. ಆದ್ದರಿಂದ ಹೆರಿಗೆಯ ತೊಂದರೆ ಅಪಾಯವನ್ನು ಹೆಚ್ಚಿಸುತ್ತದೆ ಎನ್ನಬಹುದೇ ಹೊರತು, ಅದೊಂದೇ ಕಾರಣವೆನ್ನಲಾಗದು. ದಿನ ತುಂಬದೆ ಹುಟ್ಟಿದವರಲ್ಲಿ ಆಟಿಸಂ ಹೆಚ್ಚು ನಿಜ, ಆದರೂ ಅವರಲ್ಲಿ ಬಹುಪಾಲು ಮಕ್ಕಳಿಗೆ ಅದು ಬರುವುದಿಲ್ಲ. ಸಿಸೇರಿಯನ್ ಬಗ್ಗೆ ಕೊರಗಬೇಡಿ. ಸಿಸೇರಿಯನ್‌ಗೂ ಆಟಿಸಂಗೂ ನಂಟಿರುವಂತೆ ಮೊದಲು ಕಂಡರೂ, ಸ್ವೀಡನ್ನಿನಲ್ಲಿ ಒಡಹುಟ್ಟಿದವರನ್ನೇ ಹೋಲಿಸಿ ನೋಡಿದಾಗ ಆ ನಂಟು ಉಳಿಯಲಿಲ್ಲ.

ಬುದ್ಧಿಯ ವಿಷಯ ಬೇರೆ. ಆಟಿಸಂ ಇದ್ದ ಮಾತ್ರಕ್ಕೆ ಬುದ್ಧಿಮಟ್ಟ ಕಡಿಮೆಯಿರಬೇಕೆಂದಿಲ್ಲ: 2020ರಲ್ಲಿ ಅಮೆರಿಕದಲ್ಲಿ ಆಟಿಸಂ ಇರುವ 8 ವರ್ಷದ ಮಕ್ಕಳ ಸಮೀಕ್ಷೆ ನಡೆದಾಗ, ಐಕ್ಯೂ (ಬುದ್ಧಿಮಟ್ಟದ ಅಂಕ) ದಾಖಲಾಗಿದ್ದವರಲ್ಲಿ ಸುಮಾರು 38 ಶೇಕಡಾ ಮಕ್ಕಳದು ಮಾತ್ರ 70 ಅಥವಾ ಅದಕ್ಕಿಂತ ಕಡಿಮೆ, ಅಂದರೆ ಬುದ್ಧಿಮಟ್ಟ ಕುಂಠಿತವೆನ್ನುವ ಮಟ್ಟದಲ್ಲಿ ಇತ್ತು. ಅವಧಿಗೆ ಮೊದಲೇ ಹುಟ್ಟುವ ಮಗುವಿನ ಮಿದುಳಿನಲ್ಲಿ ನರತಂತುಗಳ ಬಿಳಿಭಾಗ ಇನ್ನೂ ಎಳೆಯದಾಗಿದ್ದು, ಆಮ್ಲಜನಕ ಅಥವಾ ರಕ್ತದೊತ್ತಡದ ಏರುಪೇರನ್ನು ತಾಳಲಾರದು. ಕಲಿಕೆಯ ವೇಗ ಕುಂಠಿತವಾಗಲು ಇದೂ ಒಂದು ದಾರಿ. ಆದರೆ ಮಾತೇ ಬಾರದ ಮಗುವಿಗೆ ಮಾತನ್ನು ಅವಲಂಬಿಸಿದ ಪರೀಕ್ಷೆ ಕೊಟ್ಟರೆ ಅಂಕ ನಿಜವಾದ ಸಾಮರ್ಥ್ಯಕ್ಕಿಂತ ಕೆಳಗೆ ಬೀಳುತ್ತದೆ. ಅಂದಹಾಗೆ, ಬೆರಾ ಎಂಬ ಕಿವಿಯ ಪರೀಕ್ಷೆ ಆಗಿದೆಯೇ? ಎನ್‌ಐಸಿಯುನಲ್ಲಿದ್ದ ಮಕ್ಕಳಲ್ಲಿ ಕಿವುಡುತನ ಹೆಚ್ಚು. ಎಷ್ಟೋ ಸಲ ಅದನ್ನು ನೋಡದೆಯೇ ಬುದ್ಧಿ ಅಳೆಯಲು ಹೊರಡುತ್ತಾರೆ. ಮನೆಯಲ್ಲಿ ಅವನು ಮಾತಿಲ್ಲದೆ ಏನೇನು ಮಾಡಿಕೊಳ್ಳುತ್ತಾನೆಂದೂ ತಿಳಿಸಿ.

ಪ್ರಶ್ನೆ:
ಬೆರಾ ಆಗಿಲ್ಲ, ಮೇಡಂ. ಅಡುಗೆಮನೆಯ ಸ್ಟೀಲ್ ಡಬ್ಬಿಗಳ ಮುಚ್ಚಳಗಳನ್ನೆಲ್ಲ ಬಿಚ್ಚಿ ಹರಡಿ, ಒಂದೂ ತಪ್ಪದಂತೆ ಆಯಾ ಡಬ್ಬಿಗೇ ಮತ್ತೆ ಹಾಕುತ್ತಾನೆ. ಬಿಸ್ಕತ್ತು ಮೇಲಿಟ್ಟರೆ ಸ್ಟೂಲ್ ಎಳೆದು ತರುತ್ತಾನೆ.

ಉತ್ತರ:
ಅಳತೆಯನ್ನು ನೆನಪಿಟ್ಟು ಹೊಂದಿಸುವುದು, ಬೇಕಾದ್ದನ್ನು ಪಡೆಯಲು ದಾರಿ ಹುಡುಕುವುದು, ಇವೆರಡೂ ಬುದ್ಧಿಯ ಕೆಲಸಗಳೇ. ಇವನ್ನು ಹಾಗೆಯೇ ಬರೆದಿಟ್ಟು ಪರೀಕ್ಷಿಸುವವರಿಗೆ ತೋರಿಸಿ. ಮಾತು ಬೇಡದ ಬುದ್ಧಿಪರೀಕ್ಷೆಯನ್ನು ಕೇಳಿ ಮಾಡಿಸಿ. ನಾಲ್ಕನೇ ವಯಸ್ಸಿನ ಅಂಕವೇ ಕೊನೆಯದಲ್ಲ, ಶಾಲೆಗೆ ಸೇರಿದ ಮೇಲೆ ಮತ್ತೊಮ್ಮೆ ನೋಡಬೇಕು. ಕಿವಿ ಮತ್ತು ಮಾತಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ; ದೂರವಾದರೆ ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ನೋಡುವ ಶೀಘ್ರ ಪತ್ತೆ ಕೇಂದ್ರದಲ್ಲಿ (ಡಿಇಐಸಿ) ವಿಚಾರಿಸಿ. ಹೋಗುವಾಗ ಎನ್‌ಐಸಿಯುನ ಡಿಸ್ಚಾರ್ಜ್ ಚೀಟಿಯನ್ನು ಮರೆಯಬೇಡಿ. ಥೆರಪಿಗೆ ಹೋಗುವ ದಿನ ಅತ್ತೆಯವರನ್ನೂ ಕರೆದುಕೊಂಡು ಹೋಗಿ, ಅಲ್ಲಿನವರ ಬಾಯಿಂದಲೇ ಅವರೂ ಕೇಳಲಿ.