ಸಹಾಯ ಬೇಕು: ಹತ್ತನೇ ತರಗತಿ ಸಮಾಜ ವಿಜ್ಞಾನ, ಕನ್ನಡ ಮಾಧ್ಯಮ

ಎಲ್ಲರಿಗೂ ನಮಸ್ಕಾರ. ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಇಸವಿಗಳೆಲ್ಲ ಬಾಯಿಪಾಠ. 1919 ವರ್ಸೇಲ್ಸ್ ಒಪ್ಪಂದ, 1939 ಎರಡನೇ ಮಹಾಯುದ್ಧ, 1945 ವಿಶ್ವಸಂಸ್ಥೆ ಅಂತ ನೋಟ್‌ಬುಕ್ಕಿನ ಅಂಚಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದುಕೊಂಡಿದ್ದಾಳೆ. ಒಂದರಿಂದ ಇನ್ನೊಂದು ಹೇಗಾಯ್ತು ಅಂದರೆ ಸುಮ್ನೆ ಮುಖ ನೋಡುತ್ತಾಳೆ. ಹಣಕಾಸು ಮಸೂದೆಯನ್ನು ರಾಜ್ಯಸಭೆ 14 ದಿನದಲ್ಲಿ ವಾಪಸ್ ಕಳಿಸಬೇಕು ಅನ್ನುವುದೂ ಹಾಗೇ, ಕಾರಣ ತಿಳಿಯದೆ ಉರು ಹೊಡೆದದ್ದು.

ನಿನ್ನೆ ಅವಳೇ ಕೇಳಿದಳು, ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ 15 ದೇಶ ಇದ್ದರೂ ವೀಟೋ, ಅಂದರೆ ನಿರ್ಣಯ ತಡೆಯುವ ಅಧಿಕಾರ, ಐದಕ್ಕೇ ಯಾಕೆ? ಯುದ್ಧ ಗೆದ್ದವರು ಅಂದೆ. "ನಮ್ಮ ಸೈನಿಕರೂ ಹೋರಾಡಿದ್ರಲ್ವಾ ಅಪ್ಪಾ?" ಅಂದಳು. ಒಳ್ಳೆ ಪ್ರಶ್ನೆ, ಅಲ್ವಾ?

ಗೈಡ್ ಬೇಡ, ಮನೇಲಿ ಎರಡಿವೆ. ಕಾರಣ, ಪರಿಣಾಮ ಬಿಡಿಸಿ ಹೇಳುವ ಕನ್ನಡ ವಿಡಿಯೊ, ಪುಸ್ತಕ ಇದ್ದರೆ ತಿಳಿಸಿ. ಸಮಾಜ ಪಾಠ ಮಾಡುವ ಮೇಷ್ಟ್ರು, ಟೀಚರ್ ಯಾರಾದರೂ ಇದ್ದರೆ ಅವಳ ಪ್ರಶ್ನೆಗೆ ಎರಡು ಸಾಲು ಬರೆದರೂ ಸಾಕು.