ಇಂದಿನ ಪ್ರಶ್ನೋತ್ತರ: ಕಿಟ್‌ನಿಂದ ಮಾದರಿ ವಿಮಾನ

ನಿರ್ವಾಹಕರು: ಮಾದರಿ ವಿಮಾನಗಳನ್ನು ಕಟ್ಟಿ, ಮುರಿದವನ್ನು ಜೋಡಿಸಿ ಜೀವನ ನಡೆಸುವ ನಮ್ಮ ಮೇಸ್ತ್ರಿಯವರು ರಾತ್ರಿ ಹತ್ತರವರೆಗೆ ಉತ್ತರಿಸುತ್ತಾರೆ. ಹೆಸರಿನ ಬದಲು ಬಡಾವಣೆ ಹಾಕಿ ಕೇಳಿ.

ಮತ್ತಿಕೆರೆ: ನಮಸ್ಕಾರ ಸರ್. ಮೋಟಾರ್ ಹಿಂದುಮುಂದಾಗಿ ತಿರುಗುತ್ತಿದೆ.

ಮೇಸ್ತ್ರಿ: ನಮಸ್ಕಾರ. ಮೋಟಾರಿನ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ. ಬ್ಯಾಟರಿ ಕಡೆಯ ತಂತಿಗಳನ್ನು ಮುಟ್ಟಬೇಡಿ, ಸ್ಪೀಡ್ ಕಂಟ್ರೋಲರ್ ಸುಟ್ಟುಹೋಗುತ್ತದೆ.

ಬನಶಂಕರಿ: ಸರ್, ಆರನೇ ಒಂದು ಅಳತೆಯ ಪೈಪರ್ ಕಬ್ ಕಿಟ್ ಮುಗಿಸಿದ್ದೇನೆ. ರೆಕ್ಕೆಯ ಅಗಲ (ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ) 26 ಸೆಂ.ಮೀ., ತೂಕ 2.2 ಕಿಲೋ. ಎಂಜಿನ್ ಬದಲು ಮೋಟಾರ್ ಹಾಕಿ, ಬ್ಯಾಟರಿಯನ್ನು ಕ್ಯಾಬಿನ್ ಒಳಗೆ ಇಟ್ಟಿದ್ದೇನೆ. ಐಲೆರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ, ರೆಕ್ಕೆಯ ಹಿಂಬದಿಯ ಪಟ್ಟಿ) ಬೇಕೆಂದು ರೆಕ್ಕೆಯ ತುದಿಗಳ ಮೇಲೇರಿಕೆ ತೆಗೆದು ನೇರ ಮಾಡಿದೆ. ನಡುವಿನ ಪ್ಲೈವುಡ್ ಪಟ್ಟಿ ಅಡ್ಡ ಬಂದಿದ್ದರಿಂದ ಕತ್ತರಿಸಿ, ಎರಡೂ ಭಾಗಗಳನ್ನು ಸೂಪರ್ ಗ್ಲೂನಿಂದ ಅಂಟಿಸಿದ್ದೇನೆ. ಬೆರಳ ಮೇಲೆ ಇಟ್ಟರೆ ಮುಂಭಾಗದ ಅಂಚಿನಿಂದ 11 ಸೆಂ.ಮೀ. ಹಿಂದೆ ಸಮತೂಕ ಬರುತ್ತದೆ. ಭಾನುವಾರ ಮಗನ ಜೊತೆ ಮೊದಲ ಹಾರಾಟ. ಹಳದಿ ಮೈಗೆ ಕಪ್ಪು ಮಿಂಚಿನ ಪಟ್ಟೆ ಎಷ್ಟು ಅಗಲ ಇರಬೇಕು?

ಮೇಸ್ತ್ರಿ: ಪಟ್ಟೆಯ ಮಾತು ಆಮೇಲೆ. ಭಾನುವಾರ ಹಾರಿಸಬೇಡಿ.

ಎಂಜಿನ್ ತೆಗೆದಾಗ ಮೂಗಿನ ಭಾರವೂ ಹೋಯಿತು. ಬ್ಯಾಟರಿಯನ್ನು ಹಿಂದಕ್ಕೆ ಇಟ್ಟು ಅದನ್ನು ಇನ್ನಷ್ಟು ಹಗುರ ಮಾಡಿದ್ದೀರಿ. ಇಂತಹ ರೆಕ್ಕೆಗೆ ಸಮತೂಕ ಅಗಲದ ಶೇ 25ರಿಂದ 30ರೊಳಗೆ, ಅಂದರೆ ಆರೂವರೆಯಿಂದ ಎಂಟು ಸೆಂ.ಮೀ. ನಡುವೆ ಬರಬೇಕು. ನಿಮ್ಮದು ಶೇ 42. ನೆಲ ಬಿಟ್ಟ ಕೂಡಲೇ ಮೂಗು ಮೇಲಕ್ಕೆತ್ತಿಕೊಳ್ಳುತ್ತದೆ, ನೀವು ಒತ್ತಿದರೆ ಮುಗ್ಗರಿಸುತ್ತದೆ, ಸರಿಪಡಿಸುವಷ್ಟರಲ್ಲಿ ನೆಲ ಬಂದಿರುತ್ತದೆ. ಮೊದಲು ಬ್ಯಾಟರಿಯನ್ನು ಮೋಟಾರಿನ ಹಿಂಬದಿಗೆ ತನ್ನಿ. ಸಾಲದಿದ್ದರೆ ಮಾತ್ರ ಮೂಗಿಗೆ ಸೀಸದ ತೂಕ.

ಇದಕ್ಕಿಂತ ನನಗೆ ಭಯವಿರುವುದು ರೆಕ್ಕೆಯ ನಡುವೆ. ನಿಮ್ಮ ಕಿಟ್‌ನಲ್ಲಿ ಕೆಳಗಿನ ಆಸರೆ ಕಡ್ಡಿಗಳು ಬರೀ ತೋರಿಕೆಗೆ ಆಗಿದ್ದರೆ ಭಾರ ಹೊರುವುದು ಸ್ಪಾರ್ (ರೆಕ್ಕೆಯ ಉದ್ದಕ್ಕೂ ಹೋಗುವ ತೊಲೆ) ಒಂದೇ, ಅದರಲ್ಲೂ ಹೆಚ್ಚು ಬಾಗು ಬೀಳುವುದು ನೀವು ಕತ್ತರಿಸಿದ ಜಾಗದಲ್ಲೇ. ಕೆಳಕ್ಕೆ ಧುಮುಕಿದ ವಿಮಾನವನ್ನು ಮೇಲಕ್ಕೆಳೆಯುವಾಗ ನಾಲ್ಕು ಪಟ್ಟು ಭಾರ ಬಂದರೆ ಎರಡು ಕಿಲೋ ವಿಮಾನ ಒಂಬತ್ತು ಕಿಲೋ ಆಗುತ್ತದೆ. ಬಾಲ್ಸಾ ಎಂಬ ಹಗುರ ಮರವನ್ನು ತುದಿಗೆ ತುದಿ ಅಂಟಿಸಿದ ಗೋಂದು ಅದನ್ನು ಹೊರುವುದಿಲ್ಲ. ಚಪ್ಪಾಳೆ ತಟ್ಟಿದಂತೆ ಎರಡು ರೆಕ್ಕೆಗಳೂ ಮೇಲೆ ಮಡಚಿಕೊಂಡು ವಿಮಾನ ಬಾಣದಂತೆ ಬೀಳುತ್ತದೆ. ಕೆಳಗೆ ಯಾರ ಮಗು ನಿಂತಿದೆ ಎಂದು ಅದು ನೋಡುವುದಿಲ್ಲ.

ಹೊದಿಕೆಯನ್ನು ನಡುವೆ ಬಿಚ್ಚಿ. ನೇರ ರೆಕ್ಕೆಗೆ ತಕ್ಕಂತೆ 3 ಮಿ.ಮೀ. ಬರ್ಚ್ ಪ್ಲೈವುಡ್‌ನಲ್ಲಿ ಹೊಸ ಪಟ್ಟಿ ಕತ್ತರಿಸಿ. ಎಡಬಲ ಕನಿಷ್ಠ ಎರಡೆರಡು ರಿಬ್ (ರೆಕ್ಕೆಗೆ ಆಕಾರ ಕೊಡುವ ಅಡ್ಡ ಪಟ್ಟಿ) ದಾಟಲಿ. ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಹಾಕಿ, ಒಂದು ರಾತ್ರಿ ಬಿಡಿ. ಮೇಲಿನ ಕೆಳಗಿನ ಸ್ಪಾರ್‌ಗಳ ನಡುವೆ ಬಾಲ್ಸಾ ಹಲಗೆ ತುಂಬಿ, ಅದರ ನಾರು ನಿಂತಿರಬೇಕು, ಮಲಗಿರಬಾರದು.

ಆಮೇಲೆ ರೆಕ್ಕೆಯ ತುದಿಗಳನ್ನು ಎರಡು ಕುರ್ಚಿಗಳ ಮೇಲೆ ಕೂರಿಸಿ, ಕೆಳಗೆ ದಿಂಬು ಹಾಕಿ. ವಿಮಾನದ ಸ್ವಂತ ಭಾರಕ್ಕೇ ಬುಡದಲ್ಲಿ ಸುಮಾರು ಎರಡು ಪಟ್ಟು ಹಾರಾಟದ ಬಾಗು ಬೀಳುತ್ತದೆ. ನಡುವೆ ಎರಡು ಕಿಲೋ ರಾಗಿ ಹಿಟ್ಟಿನ ಚೀಲ ತೂಗುಹಾಕಿದರೆ ಹತ್ತಿರಹತ್ತಿರ ನಾಲ್ಕು ಪಟ್ಟು. ಕಿರುಗುಟ್ಟಿದರೂ ಹಾರಿಸಬೇಡಿ.

ರಾಜಾಜಿನಗರ: ಸೂಪರ್ ಗ್ಲೂ ಬಗ್ಗೆ ಇಷ್ಟು ಹೆದರಿಸುವುದು ಸರಿಯಲ್ಲ. ನನ್ನ ಮೂರು ವಿಮಾನಗಳೂ ಅದರಲ್ಲೇ ನಿಂತಿವೆ.

ಜಯನಗರ: ನಿಂತಿವೆ, ಸರಿ. ಹಾರಿವೆಯೇ?

ರಾಜಾಜಿನಗರ: ನಿಮ್ಮದು ಕಳೆದ ತಿಂಗಳು ಹುಣಸೆಮರ ಹತ್ತಿದ್ದನ್ನು ಎಲ್ಲರೂ ನೋಡಿದ್ದೇವೆ.

ಜಯನಗರ: ಅದು ಗಾಳಿಯ ತಪ್ಪು, ಅಂಟಿನದಲ್ಲ.

ಮೇಸ್ತ್ರಿ: ರಿಬ್‌ಗೆ ಸೂಪರ್ ಗ್ಲೂ ಸಾಕು. ಮೋಟಾರಿನ ಗೋಡೆಗೆ, ಚಕ್ರದ ಬುಡಕ್ಕೆ, ರೆಕ್ಕೆಯ ನಡುವಿಗೆ ಎಪಾಕ್ಸಿ. ಜಗಳ ಬೇರೆ ಕಡೆ ಮಾಡಿ.

ಕೆಂಗೇರಿ: ಎಚ್‌ಎಎಲ್‌ನ ಎಚ್‌ಟಿ-2 ತರಬೇತಿ ವಿಮಾನದ ಕಿಟ್ ಎಲ್ಲಾದರೂ ಸಿಗುತ್ತದೆಯೇ ಸರ್? 1961ರಲ್ಲಿ ಮೊದಲು ಹಾರಿದ್ದು.

ಜಯನಗರ: 1951. 61ರಲ್ಲಿ ಹಾರಿದ್ದು ಮಾರುತ್ ಯುದ್ಧವಿಮಾನ. ಹಳೆಯ ವಿಮಾನ ನಿಲ್ದಾಣದ ರಸ್ತೆಯ ಸಂಗ್ರಹಾಲಯಕ್ಕೆ ಒಮ್ಮೆ ಹೋಗಿ ಬನ್ನಿ.

ಕೆಂಗೇರಿ: ಕೇಳಿದ್ದು ಕಿಟ್, ಪಾಠವಲ್ಲ.

ವಿದ್ಯಾರಣ್ಯಪುರ: ಇದನ್ನು ಎಲ್ಲರಿಗೂ ತಲುಪಿಸಿ. ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಉಬ್ಬಿದರೆ ಒಂದು ರಾತ್ರಿ ಫ್ರೀಜರ್‌ನಲ್ಲಿಡಿ, ಬೆಳಿಗ್ಗೆ ಸೂಜಿಯಿಂದ ಚುಚ್ಚಿ ಗಾಳಿ ತೆಗೆದು ಟೇಪ್ ಸುತ್ತಿ, ಹೊಸದರಂತಾಗುತ್ತದೆ.

ಮೇಸ್ತ್ರಿ: ಇದನ್ನು ಯಾರಿಗೂ ತಲುಪಿಸಬೇಡಿ. ದಯವಿಟ್ಟು ಅಳಿಸಿ. ಒಳಗಿರುವುದು ಗಾಳಿಯಲ್ಲ, ಎಲೆಕ್ಟ್ರೊಲೈಟ್ ಕೆಟ್ಟು ಹುಟ್ಟಿದ, ಬೆಂಕಿ ಹಿಡಿಯುವ ಅನಿಲ. ಸೂಜಿ ಒಳಗಿನ ಪದರಗಳನ್ನು ಒಂದಕ್ಕೊಂದು ಮುಟ್ಟಿಸಿದರೆ ನಿಮ್ಮ ಕೈಯಲ್ಲೇ ಉರಿಯುತ್ತದೆ. ಉಬ್ಬಿದ ಬ್ಯಾಟರಿ ಸತ್ತಂತೆ. ಮನೆಯ ಹೊರಗೆ, ಮರಳಿನ ಬಕೆಟ್‌ನಲ್ಲಿಟ್ಟು, ಕಾರಿನ 12 ವೋಲ್ಟ್ ಬಲ್ಬ್ ಜೋಡಿಸಿ ಪೂರ್ತಿ ಖಾಲಿ ಮಾಡಿ, ಇ-ತ್ಯಾಜ್ಯಕ್ಕೆ ಕೊಡಿ. ಇಡ್ಲಿ ಹಿಟ್ಟಿನ ಪಕ್ಕದಲ್ಲಿಡುವ ವಸ್ತುವಲ್ಲ ಅದು.

ವಿದ್ಯಾರಣ್ಯಪುರ: ನಮ್ಮ ಭಾವ ಮಾಡಿ ನೋಡಿದ್ದಾರೆ, ಏನೂ ಆಗಲಿಲ್ಲ.

ಮೇಸ್ತ್ರಿ: ನಿಮ್ಮ ಭಾವನ ಅದೃಷ್ಟ ಈ ಗುಂಪಿನವರಿಗೆಲ್ಲ ಇಲ್ಲ.

ವಿದ್ಯಾರಣ್ಯಪುರ: ಸರಿ ಬಿಡಿ. ನಮ್ಮ ತಾರಸಿಯಿಂದ ಹಾರಿಸಬಹುದೇ?

ಮೇಸ್ತ್ರಿ: ಒಂದು ಕಡೆ ಜಕ್ಕೂರು ವಿಮಾನತಾಣ, ಇನ್ನೊಂದು ಕಡೆ ಯಲಹಂಕದ ವಾಯುನೆಲೆ. ಜನ ಕುಳಿತ ವಿಮಾನಗಳು ನಿಮ್ಮ ನೆತ್ತಿಯ ಮೇಲೆ ಹೋಗುತ್ತವೆ. ಬೇಡ. ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ.

ಹೆಬ್ಬಾಳ: ಸರ್, ಮೋಟಾರ್ ಉಲ್ಟಾ ತಿರುಗುತ್ತಿದೆ.

ಮೇಸ್ತ್ರಿ: ಮೇಲೆ ಓದಿ.

ಬನಶಂಕರಿ: ಸರ್, ಸರಿಪಡಿಸುವ ಮೊದಲೇ ಕುರ್ಚಿ ಪರೀಕ್ಷೆ ಮಾಡಿ ನೋಡಿದೆ. ಒಂದು ಕಿಲೋ ರಾಗಿ ಹಾಕುವಷ್ಟರಲ್ಲಿ ಟಪ್ ಎಂದು ನಡುವೆ ಬಿಟ್ಟಿತು. ಮಗ ಅಳುತ್ತಿದ್ದಾನೆ.

ಮೇಸ್ತ್ರಿ: ದಿಂಬಿನ ಮೇಲೆ ಬಿತ್ತಲ್ಲ, ಒಳ್ಳೆಯದಾಯಿತು. ಮುರಿದ ಜಾಗದ ಚಿತ್ರ ಹಾಕಿ. ಸ್ಪಾರ್ ಸೀಳಿದೆಯೋ, ಅಂಟು ಮಾತ್ರ ಬಿಟ್ಟಿದೆಯೋ ನೋಡಬೇಕು. ಪಟ್ಟಿ ಕತ್ತರಿಸುವಾಗ ಹುಡುಗನ ಕೈಗೂ ಗರಗಸ ಕೊಡಿ.

ರಾಜಾಜಿನಗರ: ಅಗ್ಗದ ಸೂಪರ್ ಗ್ಲೂ ಇರಬೇಕು.

ನಿರ್ವಾಹಕರು: ಹತ್ತು ಗಂಟೆ ಆಯಿತು. ಕಾಮೆಂಟ್ ಮುಚ್ಚಲಾಗಿದೆ.