ಪ್ರೌಢಶಾಲೆಯಲ್ಲಿ ಜನಾಂಗಹತ್ಯೆಯ ಪಾಠ: ಶಿಕ್ಷಕರ ಕಾರ್ಯಾಗಾರದಲ್ಲಿ ಏನಿರಬೇಕು?

ಪ್ರಶ್ನೆ (ಸಮಾಜ ವಿಜ್ಞಾನ ಶಿಕ್ಷಕಿ, ಹಾವೇರಿ ಜಿಲ್ಲೆ)

ನಮ್ಮ ತಾಲ್ಲೂಕಿನ ಸಮಾಜ ವಿಜ್ಞಾನ ಶಿಕ್ಷಕರಿಗಾಗಿ ಮುಂದಿನ ತಿಂಗಳು ಒಂದು ದಿನದ ಕಾರ್ಯಾಗಾರವಿದ್ದು, ನಾಜಿ ಜರ್ಮನಿಯ ಪಾಠವನ್ನು ಹೇಗೆ ಮಾಡಬೇಕೆಂಬುದನ್ನು ನಿರ್ವಹಿಸುವ ಸಂಪನ್ಮೂಲ ವ್ಯಕ್ತಿಯಾಗಿ ನನ್ನನ್ನು ಆಯ್ಕೆ ಮಾಡಿದ್ದಾರೆ. ಹನ್ನೊಂದು ವರ್ಷಗಳಿಂದ ಈ ಪಾಠ ಮಾಡುತ್ತಿದ್ದರೂ ಅದು ಮಕ್ಕಳ ಮನಸ್ಸನ್ನು ಮುಟ್ಟಿದೆ ಎಂಬ ಭರವಸೆ ನನಗಿಲ್ಲ. ಅರವತ್ತು ಲಕ್ಷ ಯೆಹೂದಿಗಳು ಸತ್ತರು ಎಂದು ಕಪ್ಪುಹಲಗೆಯ ಮೇಲೆ ಬರೆದರೆ ಮಕ್ಕಳು ಅದನ್ನು ಒಂದು ಅಂಕದ ಉತ್ತರವಾಗಿ ಬರೆದುಕೊಳ್ಳುತ್ತಾರೆ. ಕಳೆದ ವರ್ಷ ಹುಡುಗನೊಬ್ಬ ಎದ್ದು ನಿಂತು, "ಮಿಸ್, ನಮ್ಮಲ್ಲೂ ಹಿಟ್ಲರನಂಥವನು ಬಂದರೆ ಲಂಚ ನಿಲ್ಲುತ್ತೆ ಅಲ್ವಾ?" ಎಂದು ಕೇಳಿದ. ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ. ನಾನು ಗದರಿಸಿ ಕೂರಿಸಿದೆನೇ ಹೊರತು ಉತ್ತರ ಕೊಡಲಿಲ್ಲ, ಅದು ಇಂದಿಗೂ ಕಾಡುತ್ತಿದೆ. ಹಿಂದೊಮ್ಮೆ ನಾನು ಹೋಗಿದ್ದ ತರಬೇತಿಯಲ್ಲಿ ಹೆಣಗಳ ರಾಶಿಯ ಚಿತ್ರಗಳನ್ನು ಒಂದರ ಹಿಂದೊಂದರಂತೆ ತೋರಿಸಿ ಊಟಕ್ಕೆ ಬಿಟ್ಟಿದ್ದರು. ಹಾಗಾಗುವುದು ನನಗೆ ಬೇಡ. ಆರು ಗಂಟೆಗಳಲ್ಲಿ ನಲವತ್ತು ಶಿಕ್ಷಕರೊಂದಿಗೆ ಏನು ಮಾಡಬಹುದು?

ಉತ್ತರ 1 (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ (ಡಯಟ್) ನಿವೃತ್ತ ಉಪನ್ಯಾಸಕ, ಧಾರವಾಡ)

ಮೊದಲ ಗಂಟೆಯನ್ನು ಪದಗಳಿಗೇ ಮೀಸಲಿಡಿ. ನರಮೇಧ, ಮಾರಣಹೋಮ ಎಂಬ ಮಾತುಗಳನ್ನು ನಮ್ಮ ಪತ್ರಿಕೆಗಳು ಎಲ್ಲ ಬಗೆಯ ಸಾಮೂಹಿಕ ಕೊಲೆಗೂ ಬಳಸುತ್ತವೆ. ಆದರೆ ಮೇಧವೂ ಹೋಮವೂ ಯಜ್ಞದ ಮಾತುಗಳು. ಕೊಲೆಯಾದವರು ಯಾವ ದೇವರಿಗೂ ಅರ್ಪಿತವಾದ ಬಲಿಗಳಲ್ಲ. ನಾಜಿಗಳು ನಡೆಸಿದ ಯೆಹೂದಿಗಳ ಹತ್ಯೆಯನ್ನು ಸೂಚಿಸುವ ಹಾಲೊಕಾಸ್ಟ್ ಎಂಬ ಪದಕ್ಕೂ ಗ್ರೀಕ್ ಮೂಲದಲ್ಲಿ ಪೂರ್ತಿ ಸುಟ್ಟು ಅರ್ಪಿಸಿದ ಆಹುತಿ ಎಂಬ ಅರ್ಥವೇ ಇರುವುದರಿಂದ, ಮಹಾವಿಪತ್ತು ಎಂಬರ್ಥದ ಶೋವಾ ಎಂಬ ಹೀಬ್ರೂ ಪದವನ್ನೇ ಅನೇಕ ಯೆಹೂದಿಗಳು ಬಳಸುತ್ತಾರೆ. ಜನಾಂಗಹತ್ಯೆ ಎಂಬುದಾದರೋ ಕಾನೂನಿನ ಪರಿಭಾಷೆ. ಪೋಲೆಂಡಿನ ಯೆಹೂದಿ ನ್ಯಾಯವಾದಿ ರಫಾಯೆಲ್ ಲೆಮ್ಕಿನ್ ರೂಪಿಸಿ 1944ರಲ್ಲಿ ಪ್ರಕಟಿಸಿದ ಆ ಪರಿಕಲ್ಪನೆಯನ್ನು 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಒಪ್ಪಂದವಾಗಿ ಅಂಗೀಕರಿಸಿತು. ಭಾರತ ಅದನ್ನು 1959ರಲ್ಲಿ ಅನುಮೋದಿಸಿತು. ಒಂದು ಗುಂಪನ್ನು ಪೂರ್ತಿಯಾಗಿ ಇಲ್ಲವೇ ಭಾಗಶಃ ನಾಶಮಾಡುವ ಉದ್ದೇಶವೇ ಅದರ ತಿರುಳು. ಆ ಉದ್ದೇಶದಿಂದ ಜನನಗಳನ್ನು ತಡೆಯುವುದೂ ಮಕ್ಕಳನ್ನು ಬಲವಂತವಾಗಿ ಬೇರೆ ಗುಂಪಿಗೆ ಸಾಗಿಸುವುದೂ ಅದರಡಿ ಬರುತ್ತವೆ ಎಂಬುದು ನಮ್ಮ ಶಿಕ್ಷಕರಲ್ಲಿ ಬಹುಮಂದಿಗೆ ಗೊತ್ತಿಲ್ಲ.

ಇನ್ನೊಂದು ಮಾತು. "ಸತ್ತರು" ಎಂದು ಬರೆಯಬೇಡಿ. "ಕೊಂದರು" ಎಂದು ಬರೆದ ಕೂಡಲೇ ಯಾರು ಎಂಬ ಪ್ರಶ್ನೆಯನ್ನು ಮಕ್ಕಳೇ ಕೇಳುತ್ತಾರೆ.

ಉತ್ತರ 2 (ಪ್ರೌಢಶಾಲಾ ಸಹಶಿಕ್ಷಕ, ಮಂಡ್ಯ)

ಹಿರಿಯರ ಮಾತನ್ನು ಒಪ್ಪುತ್ತೇನೆ, ಆದರೆ ಪದಗಳಿಗೆ ಅರ್ಧ ಗಂಟೆ ಸಾಕು. ಹೆಚ್ಚಿನ ಹೊತ್ತು "ಯಾರು, ಹೇಗೆ" ಎಂಬುದಕ್ಕೆ ಬೇಕು. ನಾನು ನಡೆಸಿದ ಒಂದು ಕಾರ್ಯಾಗಾರದಲ್ಲಿ ಗೋಡೆಯುದ್ದಕ್ಕೂ ಹಗ್ಗ ಕಟ್ಟಿ ಚೀಟಿಗಳನ್ನು ಸಿಕ್ಕಿಸಿದ್ದೆ: 1933ರ ಏಪ್ರಿಲ್‌ನಲ್ಲಿ ಯೆಹೂದಿ ಅಂಗಡಿಗಳ ಬಹಿಷ್ಕಾರ, ಅದೇ ವಾರ ಯೆಹೂದಿಗಳನ್ನು ಸರ್ಕಾರಿ ನೌಕರಿಯಿಂದ ತೆಗೆಯುವ ಕಾನೂನು, 1935ರಲ್ಲಿ ಪೌರತ್ವ ಕಸಿದ ನ್ಯೂರೆಂಬರ್ಗ್ ಕಾಯಿದೆಗಳು, 1938ರ ನವೆಂಬರ್ 15ರಂದು ಯೆಹೂದಿ ಮಕ್ಕಳನ್ನು ಜರ್ಮನ್ ಸರ್ಕಾರಿ ಶಾಲೆಗಳಿಂದ ಹೊರಹಾಕಿದ ಆದೇಶ, 1941ರಲ್ಲಿ ಯೆಹೂದಿಗಳು ಬಟ್ಟೆಯ ಮೇಲೆ ಹಳದಿ ನಕ್ಷತ್ರ ಧರಿಸಲೇಬೇಕೆಂಬ ಆದೇಶ. ಆ ನವೆಂಬರ್ 15ರ ಚೀಟಿಯ ಬಳಿ ನಿಂತು, ಮರುದಿನ ಬೆಳಿಗ್ಗೆ ತರಗತಿ ಶಿಕ್ಷಕರು ಹಾಜರಿ ಪುಸ್ತಕದಲ್ಲಿ ಏನು ಮಾಡಿರಬಹುದು ಎಂದು ಕೇಳಿದೆ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು, "ಟಿ.ಸಿ. ಕೊಟ್ಟು ಹೆಸರು ಹೊಡೆದುಹಾಕಿರುತ್ತಾರೆ, ಇನ್ನೇನು ಮಾಡೋಕಾಗುತ್ತೆ" ಎಂದರು. ನಿಜವಾದ ಚರ್ಚೆ ಅಲ್ಲಿಂದ ಶುರುವಾಯಿತು.

ನಿಮ್ಮ ಹುಡುಗನ ಪ್ರಶ್ನೆಗೆ ವಾಸ್ತವಾಂಶಗಳಿಂದಲೇ ಉತ್ತರಿಸಬೇಕು. ಯೆಹೂದಿಗಳ ಅಂಗಡಿ, ಕಾರ್ಖಾನೆ, ಮನೆಗಳನ್ನು ಮೂರುಕಾಸಿಗೆ ಬರೆಸಿಕೊಂಡ ಆಡಳಿತವದು. ಹಿಟ್ಲರನ ಆಪ್ತ ಸಚಿವ ಗೋರಿಂಗ್ ಯೂರೋಪಿನುದ್ದಕ್ಕೂ ಕೊಳ್ಳೆಹೊಡೆದ ಕಲಾಕೃತಿಗಳನ್ನು ಸ್ವಂತಕ್ಕೆ ಕೂಡಿಟ್ಟುಕೊಂಡಿದ್ದ. ಲಂಚವನ್ನು ಬರೆಯುವ ಪತ್ರಿಕೆಯನ್ನೂ ವಿಚಾರಿಸುವ ನ್ಯಾಯಾಲಯವನ್ನೂ ಕಟ್ಟಿಹಾಕಿದ ಮೇಲೆ ಲಂಚ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ಉತ್ತರ 3 (ಇತಿಹಾಸ ಶಿಕ್ಷಕಿ, ಬೆಂಗಳೂರು)

ಚಿತ್ರಗಳ ವಿಷಯದಲ್ಲಿ ನಿಮ್ಮ ಅಳುಕು ಸರಿಯಾದದ್ದು. ಮಕ್ಕಳನ್ನು ಈ ವಿಷಯದೊಳಗೆ ಸುರಕ್ಷಿತವಾಗಿ ಕರೆದೊಯ್ದು ಸುರಕ್ಷಿತವಾಗಿ ಹೊರತರಬೇಕು ಎಂಬುದು ಜೆರುಸಲೇಮಿನ ಯಾದ್ ವಾಶೆಮ್ ಸಂಸ್ಥೆ ಶಿಕ್ಷಕರಿಗೆ ಕಲಿಸುವ ನಿಯಮ. ಮಕ್ಕಳನ್ನು ಖೈದಿಗಳಂತೆಯೂ ಕಾವಲುಗಾರರಂತೆಯೂ ನಟಿಸಲು ಹಚ್ಚುವ ಚಟುವಟಿಕೆಯನ್ನೂ ದಯವಿಟ್ಟು ಮಾಡಿಸಬೇಡಿ. ಆ ಯಾತನೆ ಆಟವಾಗಿಬಿಡುತ್ತದೆ.

ಅದರ ಬದಲು ಒಬ್ಬ ಮನುಷ್ಯನ ಕಥೆ ಹೇಳಿ. ಯಾನುಷ್ ಕೊರ್ಚಾಕ್ ಎಂಬ ವೈದ್ಯ, ನಾಜಿಗಳು ಯೆಹೂದಿಗಳನ್ನು ಕೂಡಿಹಾಕಿದ್ದ ಪೋಲೆಂಡಿನ ವಾರ್ಸಾದ ಗೆಟ್ಟೋದಲ್ಲಿ ಅನಾಥಾಲಯ ನಡೆಸುತ್ತಿದ್ದ. 1942ರ ಜುಲೈ 18ರಂದು ಅಲ್ಲಿನ ಮಕ್ಕಳು ಆಡಿದ ನಾಟಕ ರವೀಂದ್ರನಾಥ ಠಾಕೂರರ 'ಡಾಕ್ ಘರ್'. ಕಾಯಿಲೆಯಿಂದ ಕೋಣೆಯೊಳಗೇ ಉಳಿದ ಅಮಲ್ ಎಂಬ ಹುಡುಗ ಕಿಟಕಿಯ ಬಳಿ ಕೂತು ರಾಜನ ಕಾಗದಕ್ಕಾಗಿ ಕಾಯುವ ನಾಟಕವದು. ಮೂರು ವಾರವೂ ಕಳೆದಿರಲಿಲ್ಲ, ಆಗಸ್ಟ್ ಮೊದಲ ವಾರದಲ್ಲಿ ಸುಮಾರು ಇನ್ನೂರು ಮಕ್ಕಳನ್ನು ಟ್ರೆಬ್ಲಿಂಕಾ ಎಂಬ ನಾಜಿ ಹತ್ಯಾ ಶಿಬಿರಕ್ಕೆ ಸಾಗಿಸಿ ಕೊಂದರು. ತಪ್ಪಿಸಿಕೊಳ್ಳುವ ಅವಕಾಶವಿದ್ದರೂ ಕೊರ್ಚಾಕ್ ಮಕ್ಕಳ ಜೊತೆಯಲ್ಲೇ ಹೋದ. ನನ್ನ ತರಗತಿಯಲ್ಲಿ ಇದನ್ನು ಹೇಳಿದ ದಿನ ಯಾರೂ ಸಂಖ್ಯೆ ಕೇಳಲಿಲ್ಲ, ಆ ಮಕ್ಕಳ ಹೆಸರು ಕೇಳಿದರು.

ಉತ್ತರ 4 (ಶಿಕ್ಷಕ ತರಬೇತುದಾರ, ಮೈಸೂರು)

ಮಧ್ಯಾಹ್ನದ ಅವಧಿಗೆ ಆಫ್ರಿಕಾದ ರುವಾಂಡಾವನ್ನು ತೆಗೆದುಕೊಳ್ಳಿ, ಇಲ್ಲದಿದ್ದರೆ ಇದು ಒಂದು ದೇಶದ, ಒಬ್ಬ ದುಷ್ಟನ ಕಥೆ ಎನಿಸಿಬಿಡುತ್ತದೆ. ಬೆಲ್ಜಿಯಂ ಆಡಳಿತ 1930ರ ದಶಕದಲ್ಲಿ ಅಲ್ಲಿನ ಜನರ ಗುರುತಿನ ಚೀಟಿಯ ಮೇಲೆ ಅವರ ಸಮುದಾಯವನ್ನು ಹುಟು, ಟುಟ್ಸಿ, ಟ್ವಾ ಎಂದು ಬರೆಸಿತು. 1994ರಲ್ಲಿ ರಸ್ತೆತಡೆಗಳಲ್ಲಿ ಅದೇ ಚೀಟಿ ನೋಡಿ ಟುಟ್ಸಿಗಳನ್ನು ಕೊಂದರು. ರೇಡಿಯೋ ಅವರನ್ನು ಜಿರಳೆಗಳು ಎಂದು ಕರೆಯುತ್ತಿತ್ತು. ಸುಮಾರು ನೂರು ದಿನಗಳಲ್ಲಿ ಎಂಟು ಲಕ್ಷದಷ್ಟು ಜನ ಕೊಲೆಯಾದರು. ಜನಾಂಗಹತ್ಯೆಯ ಅಪರಾಧಕ್ಕಾಗಿ ಅಂತರರಾಷ್ಟ್ರೀಯ ನ್ಯಾಯಮಂಡಳಿಯೊಂದು 1998ರಲ್ಲಿ ಮೊತ್ತಮೊದಲು ಶಿಕ್ಷೆಗೆ ಗುರಿಪಡಿಸಿದ ಝಾನ್ ಪೋಲ್ ಅಕಾಯೆಸು, ಸ್ಥಳೀಯ ಆಡಳಿತದ ಮುಖ್ಯಸ್ಥನಾಗುವ ಮೊದಲು ಶಿಕ್ಷಕನಾಗಿದ್ದ, ಶಾಲಾ ಇನ್ಸ್‌ಪೆಕ್ಟರ್ ಆಗಿದ್ದ. ಇದನ್ನು ಶಿಕ್ಷಕರ ಸಭೆಯಲ್ಲಿ ಹೇಳಲೇಬೇಕು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಆ ಹುಡುಗನ ಪ್ರಶ್ನೆಯನ್ನು ಅವನ ಮಾತಿನಲ್ಲೇ ಹಲಗೆಯ ಮೇಲೆ ಬರೆದು ಕಾರ್ಯಾಗಾರ ಆರಂಭಿಸುತ್ತೇನೆ. ಹಗ್ಗ ಮತ್ತು ಚೀಟಿ ಬೆಳಗಿನ ಅವಧಿಗೆ, ಕೊರ್ಚಾಕ್ ಊಟಕ್ಕೆ ಮುಂಚೆ, ರುವಾಂಡಾ ಮಧ್ಯಾಹ್ನ. ಬರುವವರೆಲ್ಲ ತಮ್ಮ ತರಗತಿಯ ಹಾಜರಿ ಪುಸ್ತಕದ ಒಂದು ಪುಟದ ನಕಲನ್ನು ತರಬೇಕೆಂದು ಇಂದೇ ಸಂದೇಶ ಕಳುಹಿಸಿದ್ದೇನೆ.